ಅವಗೆಂಪು ಬೆಳಕು ಹಿಡಿಯಲು ಅತಿವಾಹಕ: ಐದು ದಶಕ ಕಾದ ಉಪಾಯ

1800ರಲ್ಲಿ ವಿಲಿಯಂ ಹರ್ಷೆಲ್ ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಕಿರಣಗಳನ್ನು ಪತ್ತೆ ಮಾಡಿದ್ದು ಸಾದಾ ಉಷ್ಣಮಾಪಕದಿಂದ. ಮುಂದೆ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಬೋಲೋಮೀಟರ್ ರೂಪಿಸಿದರು: ಕಿರಣ ಬಿದ್ದು ಲೋಹದ ಪಟ್ಟಿ ಬಿಸಿಯಾದಂತೆ ಅದರ ವಿದ್ಯುತ್ ರೋಧ ತುಸು ಏರುತ್ತದೆ, ಆ ಏರಿಕೆಯನ್ನು ಅಳೆದರಾಯಿತು. ಏರಿಕೆ ತೀರಾ ಅಲ್ಪ ಎಂಬುದೇ ತೊಡಕು.

ಲೈಡನ್‌ನಲ್ಲಿ 1911ರಲ್ಲಿ ಕಾಮರ್ಲಿಂಗ್ ಓನೆಸ್ ಪಾದರಸವನ್ನು 4.2 ಕೆಲ್ವಿನ್‌ವರೆಗೆ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ತಣಿಸಿದಾಗ ರೋಧವೇ ಮಾಯವಾಯಿತು. ಹೀಗೆ ರೋಧ ಕಳೆದುಕೊಳ್ಳುವ ವಸ್ತುವೇ ಅತಿವಾಹಕ. ಅತಿವಾಹಕದಲ್ಲಿ ಈ ಬದಲಾವಣೆ ಕೆಲವೊಮ್ಮೆ ಕೆಲ್ವಿನ್‌ನ ಸಾವಿರದ ಕೆಲವು ಪಾಲಿನಷ್ಟು ಅಂತರದಲ್ಲೇ ಮುಗಿಯುತ್ತದೆ. ಆ ಕಡಿದಾದ ಅಂಚಿನಲ್ಲಿ ನಿಲ್ಲಿಸಿದ ಲೋಹಕ್ಕೆ ಎಳ್ಳಷ್ಟು ಶಾಖ ತಾಕಿದರೂ ರೋಧ ಜಿಗಿಯುತ್ತದೆ. 1940ರ ಆಸುಪಾಸಿನಲ್ಲೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡೊನಾಲ್ಡ್ ಆಂಡ್ರ್ಯೂಸ್ ಟ್ಯಾಂಟಲಂ ತಂತಿಯಲ್ಲಿ ಇದನ್ನು ಮಾಡಿ ತೋರಿಸಿದ್ದರು.

ಆದರೂ ಅದು ಬಳಕೆಗೆ ಬರಲಿಲ್ಲ. ಅಂಚಿನಲ್ಲಿ ನಿಲ್ಲಿಸುವುದೇ ದುಸ್ತರವಾಗಿತ್ತು: ಉಷ್ಣತೆ ಕೂದಲೆಳೆಯಷ್ಟು ಇಳಿದರೆ ತಂತಿ ಪೂರ್ಣ ಅತಿವಾಹಕ, ಏರಿದರೆ ಮಾಮೂಲಿ ಲೋಹ. ಎರಡೂ ಕಡೆ ಕುರುಡು. ಈ ತೊಡಕನ್ನು ಬಿಡಿಸಿದ ಉಪಾಯ ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಸೊಗಸಾದ ಭಾಗ. ಸ್ಥಿರ ವಿದ್ಯುತ್ ಪ್ರವಾಹದ ಬದಲು ಸ್ಥಿರ ವೋಲ್ಟೇಜ್ ಕೊಡಿ ಎಂದರು ಅಮೆರಿಕದ ಭೌತವಿಜ್ಞಾನಿ ಕೆಂಟ್ ಇರ್ವಿನ್, 1995ರಲ್ಲಿ. ಬೆಳಕು ಬಿದ್ದು ರೋಧ ಏರಿದರೆ ಪ್ರವಾಹ ಇಳಿಯುತ್ತದೆ, ತಂತಿಯನ್ನು ಬಿಸಿಯಾಗಿಡುತ್ತಿದ್ದ ವಿದ್ಯುತ್ತೂ ತಗ್ಗುತ್ತದೆ, ಸಾಧನ ತಾನಾಗಿ ಅಂಚಿಗೆ ಮರಳುತ್ತದೆ. ಕ್ಷೀಣ ಪ್ರವಾಹವನ್ನು ಓದಲು ಸ್ಕ್ವಿಡ್ ಎಂಬ ಅತಿಸೂಕ್ಷ್ಮ ಅತಿವಾಹಕ ಮಾಪಕ ಆಗಲೇ ಇತ್ತು. ಹವಾಯಿಯ ಮೌನಾ ಕೀ ಪರ್ವತದ ಮೇಲಿನ ಒಂದು ದೂರದರ್ಶಕದ ಸ್ಕೂಬಾ-2 ಕ್ಯಾಮೆರಾದಲ್ಲಿ ಇಂಥ ಸುಮಾರು 10,000 ಸಂವೇದಕಗಳಿವೆ. ಅದು ನೋಡುವುದು ದೂರ ಅವಗೆಂಪಿನ ಆಚೆಯ 450 ಮತ್ತು 850 ಮೈಕ್ರಾನ್ ಅಲೆಗಳನ್ನು.

2001ರಲ್ಲಿ ಮಾಸ್ಕೋದ ಗ್ರಿಗೊರಿ ಗೋಲ್ಟ್ಸ್‌ಮನ್ ತಂಡ ಬೇರೆ ಹಾದಿ ಹಿಡಿಯಿತು. ನಿಯೋಬಿಯಂ ನೈಟ್ರೈಡ್‌ನ, ಕೆಲವೇ ನ್ಯಾನೋಮೀಟರ್ ದಪ್ಪದ ಪಟ್ಟಿಯಲ್ಲಿ ತಾಳಬಲ್ಲ ಮಿತಿಯ ಹತ್ತಿರದವರೆಗೂ ಪ್ರವಾಹ ಹರಿಸುತ್ತಾರೆ. ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಬಿದ್ದ ಜಾಗದಲ್ಲಿ ಅತಿವಾಹಕತೆ ಮುರಿಯುತ್ತದೆ. ಪ್ರವಾಹ ಪಕ್ಕಕ್ಕೆ ನುಗ್ಗಿ ಅಲ್ಲಿಯೂ ಮಿತಿ ಮೀರುತ್ತದೆ. ಪಟ್ಟಿಗೆ ಅಡ್ಡಲಾಗಿ ರೋಧ ಎದ್ದು ವೋಲ್ಟೇಜಿನ ಮಿಡಿತ ಹೊಮ್ಮುತ್ತದೆ. 1550 ನ್ಯಾನೋಮೀಟರ್ ಅಲೆಯುದ್ದದ ಅವಗೆಂಪು ಬೆಳಕು ಸಾಮಾನ್ಯ ಕ್ಯಾಮೆರಾ ಸಂವೇದಕದ ಸಿಲಿಕಾನನ್ನು ಹಾದುಹೋಗುತ್ತದೆ, ಅದರ ಫೋಟಾನಿನ 0.8 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಅಲ್ಲಿ ಸಾಲದು. ಅತಿವಾಹಕದಲ್ಲಿ ಪ್ರವಾಹ ಒಯ್ಯುವ ಎಲೆಕ್ಟ್ರಾನ್ ಜೋಡಿ ಒಡೆಯಲು ಅದರ ನೂರರಲ್ಲೊಂದು ಪಾಲೂ ಬೇಕಿಲ್ಲ.

2023ರ ಡಿಸೆಂಬರ್‌ನಲ್ಲಿ ನಾಸಾದ ಸೈಕಿ ನೌಕೆ 3.1 ಕೋಟಿ ಕಿಲೋಮೀಟರ್ ದೂರದಿಂದ ಲೇಸರ್‌ನಲ್ಲಿ ಕಳಿಸಿದ ಬೆಕ್ಕಿನ ವಿಡಿಯೊವನ್ನು ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕದಲ್ಲಿ ಹಿಡಿದದ್ದು ಇಂಥ ಅತಿವಾಹಕ ಪಟ್ಟಿಗಳೇ, ಅಂದರೆ ನ್ಯಾನೋತಂತಿಗಳೇ. ಅವನ್ನೂ ಸುಮಾರು 1 ಕೆಲ್ವಿನ್‌ಗೆ ತಣಿಸಿಯೇ ಇಡಬೇಕಾಗಿತ್ತು. ಈ ಸಾಧನಗಳು ಪ್ರಯೋಗಾಲಯ, ದೂರದರ್ಶಕಗಳ ಆಚೆ ಹೆಚ್ಚಾಗಿ ಕಾಣದಿರುವುದು ಶೈತ್ಯಯಂತ್ರದ ಗಾತ್ರ ಮತ್ತು ವೆಚ್ಚದಿಂದಾಗಿ.