ಬ್ಯಾಕ್ ಗುಂಡಿಯ ಹಳೆಯ ತಕರಾರು

ಧಾರವಾಡದ ಸಪ್ತಾಪುರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳ ನಡುವೆ, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಈಚೆಗೆ ಕುಳಿತಿದ್ದೆ. ಹಾವೇರಿ ಜಿಲ್ಲೆಯ ಹುಡುಗನೊಬ್ಬನ ಅರ್ಜಿ ನಾಲ್ಕನೆಯ ಪುಟ ತಲುಪಿದಾಗ, ಹಿಂದಿನ ಪುಟದಲ್ಲಿ ತಾಲ್ಲೂಕು ಶಿಗ್ಗಾವಿಯ ಬದಲು ಸವಣೂರು ಎಂದು ಆಯ್ಕೆಯಾದದ್ದು ಅವನಿಗೆ ನೆನಪಾಯಿತು. "ತಮ್ಮಾ, ಬ್ಯಾಕ್ ಒತ್ತಬ್ಯಾಡ, ತುಂಬಿದ್ದೆಲ್ಲಾ ಹೋಗ್ತೈತಿ" ಎಂದು ಅಂಗಡಿಯವರು ಹೇಳುವಷ್ಟರಲ್ಲಿ ಅವನು ಒತ್ತಿಯಾಗಿತ್ತು. ಪರದೆಯ ಮೇಲೆ ಸೆಷನ್ (ತಾಣದೊಂದಿಗೆ ಆ ಸಲದ ವ್ಯವಹಾರ) ಮುಗಿದಿದೆ ಎಂಬ ಒಂದು ಸಾಲು ಮಾತ್ರ ಉಳಿಯಿತು. ಹುಡುಗ ತನ್ನದೇ ತಪ್ಪೆಂದು ತಲೆ ತಗ್ಗಿಸಿದ. ನನ್ನ ಮಟ್ಟಿಗೆ ಅದು ಆ ಜಾಲತಾಣವನ್ನು ಕಟ್ಟಿದವರ ತಪ್ಪು, ಅದೂ ಬಹಳ ಹಳೆಯ ತಪ್ಪು.

ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಬರೆದ ಮೊದಲ ಬ್ರೌಸರಿನಲ್ಲೇ ಬಂದ ದಾರಿಗೆ ಮರಳುವ ಆಯ್ಕೆ ಮೆನುವಿನೊಳಗೆ ಇತ್ತು; 1993ರ ಮೊಸಾಯಿಕ್ ಬ್ರೌಸರ್ ಅದನ್ನು ಗುಂಡಿಯಾಗಿ ಕಣ್ಣೆದುರಿಗೆ ತಂದಿತು. ಆಗ ವೆಬ್ ಎಂದರೆ ಓದುವ ಪುಟಗಳಷ್ಟೇ. ಖಾನಾವಳಿಯಲ್ಲಿ ರೊಟ್ಟಿ ಪೇರಿಸಿಟ್ಟಂತೆ ಬ್ರೌಸರ್ ನೋಡಿದ ವಿಳಾಸಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, ಬ್ಯಾಕ್ ಒತ್ತಿದಾಗ ಕೆಳಗಿನದನ್ನು ತೋರಿಸುತ್ತಿತ್ತು. 1996ರಲ್ಲಿ ನೆಟ್‌ಸ್ಕೇಪ್ 2.0 ಬ್ರೌಸರ್ ಒಂದೇ ಕಿಟಕಿಯನ್ನು ಭಾಗ ಮಾಡಿ ಬೇರೆ ಬೇರೆ ಪುಟ ತೋರಿಸುವ ಫ್ರೇಮ್‌ಗಳನ್ನು ತಂದಾಗ, ಬ್ಯಾಕ್ ಒತ್ತಿದವರು ಇಡೀ ತಾಣದಿಂದಲೇ ಹೊರಬೀಳತೊಡಗಿದರು. ಮುಂದಿನ ಆವೃತ್ತಿಯಲ್ಲಿ ಅದು ಸರಿಹೋಯಿತು.

ಫಾರ್ಮುಗಳ ತೊಡಕು ಅಷ್ಟು ಸುಲಭವಾಗಿ ಬಿಡಲಿಲ್ಲ. ಬ್ರೌಸರ್ ಕಳಿಸುವ ಗೆಟ್ ಕೋರಿಕೆ ಪುಟವನ್ನು ಕೇಳಿ ತರುತ್ತದೆ, ಎಷ್ಟು ಸಲ ಕೇಳಿದರೂ ಬಾಧಕವಿಲ್ಲ; ಪೋಸ್ಟ್ ಕೋರಿಕೆಯಾದರೋ ಸಾಮಾನ್ಯವಾಗಿ ಸರ್ವರಿನಲ್ಲಿ ಏನನ್ನಾದರೂ ಬದಲಿಸುತ್ತದೆ, ಅರ್ಜಿ ಸೇರಿಸುತ್ತದೆ, ಶುಲ್ಕ ಕಡಿತ ಮಾಡಿಸುತ್ತದೆ. ಪೋಸ್ಟಿಗೆ ಉತ್ತರವಾಗಿ ಬಂದ ಪುಟಕ್ಕೆ ಮರಳಬೇಕಾದಾಗ, ಅದರ ಪ್ರತಿ ಕೈಯಲ್ಲಿ ಇಲ್ಲದಿದ್ದರೆ, ಬ್ರೌಸರ್ ಅದೇ ಕೋರಿಕೆಯನ್ನು ಇನ್ನೊಮ್ಮೆ ಕಳಿಸಬೇಕಾಗುತ್ತದೆ. ಆದ್ದರಿಂದಲೇ ಅದು ಮೊದಲು ನಮ್ಮ ಒಪ್ಪಿಗೆ ಕೇಳುತ್ತದೆ. ಇದಕ್ಕೆ ಮದ್ದು, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಯ 1997ರ 1.1 ಆವೃತ್ತಿಯಲ್ಲಿ, 303 ಎಂಬ ಸಂಕೇತದಲ್ಲೇ ಇತ್ತು: ಸರ್ವರ್ ಅರ್ಜಿಯನ್ನು ಸ್ವೀಕರಿಸಿ, ಉತ್ತರಕ್ಕೆ ಬೇರೊಂದು ವಿಳಾಸ ನೋಡು ಎನ್ನುತ್ತದೆ, ಬ್ರೌಸರ್ ಅದನ್ನು ಗೆಟ್ ಮೂಲಕ ತರುತ್ತದೆ, ಹಿಂದೆ ಹೋದರೂ ಮುಂದೆ ಬಂದರೂ ಏನೂ ಎರಡು ಸಲ ನಡೆಯುವುದಿಲ್ಲ. ಅನೇಕರು ಈ ದಾರಿ ಬಿಟ್ಟು, ಹಿಂದೆ ಹೋದವರನ್ನು ಪುಟದೊಳಗಿನ ಸಣ್ಣ ಪ್ರೋಗ್ರಾಮಿನಿಂದ, ಅಂದರೆ ಸ್ಕ್ರಿಪ್ಟಿನಿಂದ, ಮುಂದಕ್ಕೆ ನೂಕುವ, ಇಲ್ಲವೇ ಕ್ರಮ ತಪ್ಪಿದೊಡನೆ ಸೆಷನ್ನನ್ನೇ ಕೊನೆಗೊಳಿಸುವ ಉಪಾಯ ಹಿಡಿದರು. ಸಪ್ತಾಪುರದ ಹುಡುಗ ಸಿಕ್ಕಿಬಿದ್ದದ್ದು ಅಂಥದ್ದರಲ್ಲೇ ಎಂದು ತೋರುತ್ತದೆ.

2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಪ್ರಶ್ನೆ ತಿರುವುಮುರುವಾಯಿತು. ಪುಟ ಬದಲಾಗದೆ ಒಳಗಿನದಷ್ಟೇ ಬದಲಾಗುವ ಇಂಥ ಅಪ್ಲಿಕೇಶನ್‌ಗಳಲ್ಲಿ ಬ್ರೌಸರಿಗೆ ನೆನಪಿಡಲು ಏನೂ ಸಿಗುವುದಿಲ್ಲ. ವಿಳಾಸದ ಕೊನೆಯಲ್ಲಿ ಹ್ಯಾಶ್ (#) ಚಿಹ್ನೆಯ ನಂತರದ ಗುರುತನ್ನು ಬದಲಿಸಿ, ಬ್ರೌಸರಿನ ಇತಿಹಾಸಕ್ಕೆ, ಅಂದರೆ ನೋಡಿದ ವಿಳಾಸಗಳ ಆ ಪೇರಿಕೆಗೆ, ಒಂದೊಂದು ಮೆಟ್ಟಿಲು ಸೇರಿಸುವ ತಂತ್ರ ಕೆಲಕಾಲ ನಡೆಯಿತು. 2010–11ರಲ್ಲಿ ಕ್ರೋಮ್, ಸಫಾರಿ, ಫೈರ್‌ಫಾಕ್ಸ್‌ಗಳಿಗೆ ವೆಬ್ ಪುಟ ಬರೆಯುವ ಭಾಷೆಯ ಹೊಸ ಆವೃತ್ತಿ ಎಚ್‌ಟಿಎಂಎಲ್ 5ರ ಪುಶ್‌ಸ್ಟೇಟ್ ಎಂಬ ಆದೇಶ ಬಂದು, ಪುಟವನ್ನು ಮತ್ತೆ ತರಿಸದೆಯೇ ವಿಳಾಸ ಸೇರಿಸುವ ಅಧಿಕಾರ ಪ್ರೋಗ್ರಾಮರನ ಕೈಗೆ ಸಿಕ್ಕಿತು. ಬಳಕೆದಾರ ಬ್ಯಾಕ್ ಒತ್ತಿದರೆ ಪಾಪ್‌ಸ್ಟೇಟ್ ಎಂಬ ಘಟನೆ ಅದನ್ನು ಅಪ್ಲಿಕೇಶನ್ನಿಗೆ ತಿಳಿಸುತ್ತದೆ. ಯಾವುದನ್ನು ಮೆಟ್ಟಿಲೆಂದು ಎಣಿಸಬೇಕು ಎಂಬುದು ಮಾತ್ರ ಇಂದಿಗೂ ಪ್ರೋಗ್ರಾಮರನ ವಿವೇಕಕ್ಕೇ ಬಿಟ್ಟದ್ದು. ಮೊಬೈಲಿನಲ್ಲಿ ದೊಡ್ಡದಾಗಿ ತೆರೆದ ಫೋಟೊ ಬ್ಯಾಕ್ ಒತ್ತಿದರೆ ಮುಚ್ಚಬೇಕು. ಖರೀದಿ ತಾಣದಲ್ಲಿ ಬೆಲೆಯ ಮಿತಿಯನ್ನು ಸರಿಸಿದ ಪ್ರತಿ ಸಲವೂ ಹೊಸ ಮೆಟ್ಟಿಲಾದರೆ ಹೊರಬರಲು ಇಪ್ಪತ್ತು ಸಲ ಒತ್ತಬೇಕಾದೀತು. ಓದುಗನನ್ನು ಕಟ್ಟಿಹಾಕಲೆಂದೇ ಸುಳ್ಳು ಮೆಟ್ಟಿಲು ಸೇರಿಸುವ ತಾಣಗಳೂ ಹುಟ್ಟಿಕೊಂಡವು. ಬಳಕೆದಾರ ಮುಟ್ಟದೆಯೇ ಸೇರಿದ ಅಂಥ ನಮೂದುಗಳನ್ನು ಕ್ರೋಮ್ 2019ರಿಂದ ದಾಟಿ ಹೋಗತೊಡಗಿತು.

ಆ ಅರ್ಜಿಯ ಪ್ರತಿ ಪುಟಕ್ಕೂ ಸ್ವಂತ ವಿಳಾಸವಿದ್ದು, ತುಂಬಿದ್ದು ಪುಟಪುಟಕ್ಕೂ ಸರ್ವರಿನಲ್ಲಿ ಕರಡಾಗಿ ಉಳಿಯುವಂತಿದ್ದರೆ, ತಾಲ್ಲೂಕು ತಿದ್ದಲು ಅರ್ಧ ನಿಮಿಷ ಸಾಕಿತ್ತು. ಅಂಗಡಿಯವರು ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮತ್ತೆ ಮುಂದಿಟ್ಟುಕೊಂಡು ಮೊದಲ ಪುಟದಿಂದ ಶುರುಮಾಡಿದರು. ಈ ಸಲ ಪ್ರತಿ ಪುಟ ಮುಗಿದಾಗಲೂ ಮಾನಿಟರನ್ನು ಅವನತ್ತ ತಿರುಗಿಸಿ, "ಎಲ್ಲಾ ಬಾಯಿಬಿಟ್ಟು ಓದಿ ಹೇಳು" ಎನ್ನುತ್ತಿದ್ದರು.