ನಡುರಾತ್ರಿ ಬೆವರು ಕಿತ್ತು ಬರುವುದೇಕೆ?

ಮಾಗಿಯ ಚಳಿ, ಫ್ಯಾನ್ ಕೂಡ ಹಾಕಿಲ್ಲ. ಆದರೂ ರಾತ್ರಿ ಎರಡೂವರೆಗೆ ಎಚ್ಚರವಾದಾಗ ಬನಿಯನ್ ಬೆನ್ನಿಗೆ ಅಂಟಿಕೊಂಡಿದೆ, ದಿಂಬಿನ ಕವರು ತೊಯ್ದಿದೆ. ಬೆಳಿಗ್ಗೆ ಮನೆಯಲ್ಲಿ ಹೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಮೈ ಉಷ್ಣ ಆಗಿದೆ, ಮಜ್ಜಿಗೆ ಕುಡಿ." ಕೆಲವು ಕಡೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಮಜ್ಜಿಗೆಯಿಂದ ನಷ್ಟವೇನಿಲ್ಲ. ತಾಯಿತ ನಂಬಿಕೊಂಡು ಮೂರು ತಿಂಗಳು ಕಳೆದರೆ ಮಾತ್ರ, ಒಳಗಿರುವುದು ಶ್ವಾಸಕೋಶದ ಕ್ಷಯವಾಗಿದ್ದಲ್ಲಿ, ಮನೆಮಂದಿಗೆ ಹರಡಲು ಅಷ್ಟು ಕಾಲ ಸಾಕು.

ದಪ್ಪ ಕಂಬಳಿ, ಪಾಲಿಯೆಸ್ಟರ್ ನೈಟಿ, ಕಿಟಕಿ ಮುಚ್ಚಿದ ಕೋಣೆ, ಮಂಗಳೂರಿನ ಮೇ ತಿಂಗಳು: ಇವುಗಳಿಂದ ಬರುವ ಬೆವರನ್ನು ಬದಿಗಿಡೋಣ. ಅದು ಕಾಯಿಲೆಯಲ್ಲ. ಕೋಣೆ ತಂಪಾಗಿದ್ದೂ ಬಟ್ಟೆ ಬದಲಿಸುವಷ್ಟು ಬೆವರು ಮತ್ತೆ ಮತ್ತೆ ಬಂದರೆ ಅದಕ್ಕೆ ಕಾರಣ ಹುಡುಕಲೇಬೇಕು.

ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ದೇಹದ ಕಾವಿಗೆ ಒಂದು ಗುರಿ ಇಟ್ಟುಕೊಂಡಿರುತ್ತದೆ. ಇಸ್ತ್ರಿಪೆಟ್ಟಿಗೆಯ ನಾಬನ್ನು ಸಿಲ್ಕ್‌ನಿಂದ ಕಾಟನ್‌ಗೆ ತಿರುಗಿಸಿ ನೋಡಿ, ಆ ಕ್ಷಣವೇ ದೀಪ ಹತ್ತುತ್ತದೆ. ಪೆಟ್ಟಿಗೆ ತಣ್ಣಗಾಗಿರಲಿಲ್ಲ, ಗುರಿ ಮೇಲೇರಿತು. ಜ್ವರದಲ್ಲಿ ನಡೆಯುವುದೂ ಇದೇ. ಸೋಂಕು ತಗುಲಿದಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗುರಿಯನ್ನು 39 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿತೆನ್ನಿ. ಆಗ 37 ಡಿಗ್ರಿಯ ಮೈ ಮಿದುಳಿಗೆ ತಣ್ಣಗೆ ತೋರುತ್ತದೆ. ನಡುಕ ಶುರುವಾಗಿ ಕಂಬಳಿ ಬೇಕೆನಿಸುತ್ತದೆ. ಗುರಿ ಮತ್ತೆ 37ಕ್ಕೆ ಇಳಿದಾಗ 39ರ ಮೈ ಬಿಸಿಯಾಗಿ ಕಾಣುತ್ತದೆ, ಬೆವರು ಹರಿಯುತ್ತದೆ. ಕೆಆರ್‌ಎಸ್‌ನಲ್ಲಿ ನೀರು 124 ಅಡಿ ಇದ್ದಾಗ ಮಟ್ಟ 120ಕ್ಕೆ ಇಳಿಸಬೇಕೆಂದು ಆದೇಶ ಬಂದರೆ, ಹೊಸದಾಗಿ ಒಂದು ಹನಿ ಮಳೆ ಬೀಳದಿದ್ದರೂ ಗೇಟು ತೆರೆಯಲೇಬೇಕು. ನಡುರಾತ್ರಿಯ ಬೆವರೆಂದರೆ ಆ ತೆರೆದ ಗೇಟು. ಆರೋಗ್ಯವಂತರಲ್ಲೂ ನಿದ್ದೆಯಲ್ಲಿ ಈ ಗುರಿ ಅರ್ಧದಿಂದ ಒಂದು ಡಿಗ್ರಿಯಷ್ಟು ಇಳಿಯುವುದರಿಂದ, ಗೇಟು ರಾತ್ರಿಯೇ ತೆರೆಯುವುದು ಸಹಜ.

ಪ್ಯಾರಾಸಿಟಮಾಲ್ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ. ಜ್ವರಕ್ಕೆಂದು ಮಾತ್ರೆ ನುಂಗಿ ಮಲಗಿದವರು ಬೆವರುವುದು ಇದಕ್ಕೇ. "ಬೆವರಿನ ಜೊತೆ ಕಾಯಿಲೆಯೂ ಹೋಯಿತು" ಎನ್ನುವ ಮಾತು ತಪ್ಪು. ಇಳಿದದ್ದು ಗುರಿ ಮಾತ್ರ, ಸೋಂಕು ಇದ್ದಲ್ಲೇ ಇದೆ. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ 48 ಗಂಟೆಗೊಮ್ಮೆ ಕೆಂಪು ರಕ್ತಕಣಗಳು ಒಡೆದು ಪರೋಪಜೀವಿಗಳು ಹೊರಬೀಳುವಾಗ ಚಳಿ, ಜ್ವರ, ಬೆವರು ಸಾಲಾಗಿ ಬರುತ್ತವೆ. ಈ ನಂಟನ್ನು ಇಟಲಿಯ ವೈದ್ಯ ಕ್ಯಾಮಿಲೊ ಗಾಲ್ಜಿ 1880ರ ದಶಕದಲ್ಲೇ ಗುರುತಿಸಿದ್ದರು. ಕ್ಷಯದಲ್ಲಿ ಇಷ್ಟು ಸದ್ದಿಲ್ಲ. ಸಂಜೆ ಸಣ್ಣಗೆ ಮೈ ಬಿಸಿ, ರಾತ್ರಿ ಬೆವರು, ಹಗಲು ಸುಸ್ತು. ಹಾಗಾಗಿಯೇ ಜನ ಅದನ್ನು ಉಷ್ಣ ಎಂದುಕೊಂಡು ಸುಮ್ಮನಾಗುತ್ತಾರೆ.

ಸಕ್ಕರೆ ಕಾಯಿಲೆಯವರ ಬೆವರಿನ ಕತೆ ಬೇರೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ, ಇಲ್ಲವೇ ಮದ್ಯ ಕುಡಿದು ಮಲಗಿದರೆ, ನಿದ್ದೆಯಲ್ಲೇ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ತುರ್ತು ನರಗಳು ಎದ್ದು ಕೂರುತ್ತವೆ: ಕೈ ನಡುಕ, ಎದೆ ಡವಡವ, ತಣ್ಣನೆಯ ಬೆವರು. ಈ ನರವ್ಯೂಹ ಬಹುತೇಕ ಕಡೆ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸಿದರೂ ಬೆವರುಗ್ರಂಥಿಗೆ ಮಾತ್ರ ಅಸಿಟೈಲ್‌ಕೊಲಿನ್ ಎಂಬ ಬೇರೊಂದನ್ನು ಸುರಿಸುತ್ತದೆ. ವಿಜ್ಞಾನಿಗಳಾದ ಹೆನ್ರಿ ಡೇಲ್ ಮತ್ತು ಫೆಲ್ಡ್‌ಬರ್ಗ್ ಇದನ್ನು 1934ರಲ್ಲಿ ಬೆಕ್ಕಿನ ಅಂಗಾಲಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಎಂಥ ಸೊಗಸಾದ ಅಪವಾದ! ಇದು ಜೀವವನ್ನೂ ಉಳಿಸುತ್ತದೆ. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ನಡುಕ, ಡವಡವ ಮುಚ್ಚಿಹೋಗುತ್ತವೆ. ಬೆವರಿನ ತಂತಿ ಬೇರೆಯಾದ್ದರಿಂದ ಅದೊಂದು ಉಳಿದುಕೊಳ್ಳುತ್ತದೆ.

ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಬೆವರಿ ಎದ್ದರೆ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಬೇಕು. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ ತುಂಬ, ನೀರಿಗೆ ಕದಡಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರಿರದಿದ್ದರೆ ಮತ್ತಷ್ಟು ಸಕ್ಕರೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ.

ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಗುರಿಗಿಂತ ಅದರ ಆಚೀಚಿನ ಸಲಿಗೆ, ಅಂದರೆ ದೇಹ ಸಹಿಸಿಕೊಳ್ಳುವ ಏರಿಳಿತದ ಅಂತರ, ಕೆಡುತ್ತದೆ. ಕಾವು ಕೊಂಚ ಏರಿಳಿದರೂ ಸಾಮಾನ್ಯವಾಗಿ ದೇಹ ತಲೆಕೆಡಿಸಿಕೊಳ್ಳುವುದಿಲ್ಲ. ಈಸ್ಟ್ರೋಜನ್ ಕುಸಿದಾಗ ಹೈಪೋಥಲಾಮಸ್‌ನ ಕೆಲವು ನರಕೋಶಗಳು ಅತಿಯಾಗಿ ಚುರುಕಾಗಿ ಆ ಸಲಿಗೆ ತೀರಾ ಕಿರಿದಾಗುತ್ತದೆ. ಹೊದಿಕೆಯ ಸಣ್ಣ ಬಿಸಿಗೂ ಗೇಟು ತೆರೆಯುತ್ತದೆ. "ವಯಸ್ಸಾಯಿತಲ್ಲ" ಎಂದು ಅವರನ್ನು ಸುಮ್ಮನಾಗಿಸುವುದು ಅನ್ಯಾಯ, ಇದಕ್ಕೆ ಔಷಧಿಗಳಿವೆ.

ಥೈರಾಯ್ಡ್ ಹೆಚ್ಚಾದರೂ, ಗೊರಕೆಯ ನಡುವೆ ಉಸಿರು ಕಟ್ಟಿದರೂ, ಖಿನ್ನತೆಗೆ ಕೊಡುವ ಸೆರ್ಟ್ರಾಲಿನ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳಿಂದಲೂ ರಾತ್ರಿ ಬೆವರು ಬರುತ್ತದೆ. ಮಾತ್ರೆಯ ಮೇಲೆ ಅನುಮಾನವಿದ್ದರೆ ವೈದ್ಯರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ಇನ್ನು "ನನಗೆ ಚಿಕ್ಕಂದಿನಿಂದಲೂ ಅಂಗೈ ಬೆವರುತ್ತದೆ, ಇದೂ ಅದೇ" ಎನ್ನುವವರಿಗೆ ಒಂದು ಮಾತು: ಆ ಹುಟ್ಟುಗುಣದ ಬೆವರು ನಿದ್ದೆ ಹತ್ತಿದೊಡನೆ ನಿಂತುಬಿಡುತ್ತದೆ.

ವೈದ್ಯರ ಬಳಿ ಹೋಗುವ ಮುಂಚೆ ಒಂದು ವಾರ ಬರೆದಿಡಿ: ಬೆವರು ಬಂದ ಗಂಟೆ, ಸಂಜೆ ಮತ್ತು ಬೆವರುವ ಹೊತ್ತಿನ ಥರ್ಮಾಮೀಟರ್ ಅಂಕಿ, ನುಂಗಿದ ಮಾತ್ರೆಗಳು, ದೇಹದ ತೂಕ. ಮೊದಲ ಸುತ್ತಿನಲ್ಲಿ ರಕ್ತಕಣಗಳ ಎಣಿಕೆ, ಉರಿಯೂತ ತೋರಿಸುವ ಇಎಸ್‌ಆರ್, ಸಕ್ಕರೆ, ಥೈರಾಯ್ಡ್ ತಿಳಿಸುವ ಟಿಎಸ್‌ಎಚ್, ಎಚ್‌ಐವಿ, ಎದೆಯ ಎಕ್ಸ್‌ರೇ ಸಾಮಾನ್ಯ. ಎರಡು ವಾರದಿಂದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಬೆವರಿನ ಜೊತೆ ಆರು ತಿಂಗಳಲ್ಲಿ ತೂಕ ಹತ್ತನೇ ಒಂದು ಪಾಲು ಇಳಿದಿದ್ದರೆ, ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ಕರೆ, ದುಗ್ಧಗ್ರಂಥಿಯ ಕ್ಯಾನ್ಸರಾದ ಲಿಂಫೋಮಾ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತಣ್ಣನೆಯ ಬೆವರಿನೊಂದಿಗೆ ಎದೆ ಹಿಂಡಿದಂತಾದರೆ ಬೆಳಗಾಗುವವರೆಗೆ ಕಾಯಬೇಡಿ, ಹೃದಯಾಘಾತ ಇರಬಹುದು. ಆ ಹೊತ್ತಿನಲ್ಲೇ ಆಸ್ಪತ್ರೆಗೆ ಹೊರಡಿ.