ರಾಜಸ್ವ ಕೊರತೆ: ಸರ್ಕಾರದ ಸಾಲ ಯಾವುದಕ್ಕೆ ಹೋಗುತ್ತದೆ?

ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ದಿನನಿತ್ಯದ ಖರ್ಚು ಸರ್ಕಾರದ ತೆರಿಗೆ, ಶುಲ್ಕ ಮತ್ತು ಕೇಂದ್ರದ ಅನುದಾನವನ್ನು ಮೀರಿದರೆ, ಆ ಅಂತರವೇ ರಾಜಸ್ವ ಕೊರತೆ. ವಿತ್ತೀಯ ಕೊರತೆ ಬೇರೆ. ಕಾಲುವೆ, ರಸ್ತೆ, ಕಟ್ಟಡಗಳ ಬಂಡವಾಳ ವೆಚ್ಚವನ್ನೂ ಸೇರಿಸಿದ ಮೇಲೆ ಸಾಲದಿಂದ ತುಂಬಬೇಕಾದ ಮೊತ್ತ ಅದು.

2025-26ರ ರಾಜ್ಯ ಬಜೆಟ್ಟಿನಲ್ಲಿ ವಿತ್ತೀಯ ಕೊರತೆಯ ಅಂದಾಜು 90,428 ಕೋಟಿ ರೂಪಾಯಿ, ರಾಜಸ್ವ ಕೊರತೆ 19,262 ಕೋಟಿ. ಸಾಲದಿಂದ ತುಂಬುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 21 ರೂಪಾಯಿ ಯಾವ ಆಸ್ತಿಯನ್ನೂ ಕಟ್ಟದೆ ಖರ್ಚಾಗುತ್ತದೆ. ‘ಸರ್ಕಾರ ಎಷ್ಟು ಸಾಲ ಮಾಡೇತಿ’ ಎಂದು ಕೇಳುವವರು ಮೊದಲು ನೋಡಬೇಕಾದದ್ದು ಈ 21ನ್ನು.

ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ ಇರಬೇಕು ಎನ್ನುತ್ತದೆ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ. ಈ ಬಜೆಟ್ಟಿನಲ್ಲಿ ಅದು ಶೇ 2.95. ಮಿತಿಯ ಅಂಚಿಗೆ ಬಂದಾಗ ಏನಾಗುತ್ತದೆ? ಸಂಬಳ, ಬಡ್ಡಿ ನಿಲ್ಲಿಸುವಂತಿಲ್ಲ. ಮುಂದಕ್ಕೆ ಹೋಗುವುದು ಬಂಡವಾಳ ಕಾಮಗಾರಿ. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆಯ ಭೂಪರಿಹಾರವೂ ಇದೇ ಬಾಬತ್ತಿನದು. ಬಾಗಲಕೋಟೆ, ವಿಜಯಪುರದ ಮುಳುಗಡೆ ರೈತರಿಗೆ ಶೇಕಡಾವಾರು ಲೆಕ್ಕ ಬೇಕಿಲ್ಲ, ಪರಿಹಾರ ಜಮಾ ಆಗುವ ದಿನಾಂಕ ಬೇಕು. ಅವರ ಪ್ರಶ್ನೆ ಪೂರ್ತಿ ನ್ಯಾಯವಾದದ್ದು.

ಇನ್ನೊಂದು ತೊಡಕಿದೆ. ಸರ್ಕಾರಿ ಲೆಕ್ಕ ನಗದು ಆಧಾರದ್ದು, ಹಣ ಕೊಟ್ಟ ದಿನವೇ ಖರ್ಚು ದಾಖಲಾಗುತ್ತದೆ. ಪಾವತಿಯಾಗದ ಬಿಲ್ಲು ಎಷ್ಟೇ ಬೆಳೆದರೂ ಕೊರತೆಯ ಅಂಕಿಯಲ್ಲಿ ಕಾಣುವುದಿಲ್ಲ.

ಕೊರತೆ ಕಂಡರೆ ಜನ ಸರ್ಕಾರ ಬದಲಿಸುತ್ತಾರೆಯೇ? 2004-05ರಿಂದ ದಶಕಕ್ಕೂ ಹೆಚ್ಚು ಕಾಲ ರಾಜ್ಯದಲ್ಲಿ ರಾಜಸ್ವ ಹೆಚ್ಚುವರಿ ಇತ್ತು. ಆದರೂ 2013ರಲ್ಲಿ ಬಿಜೆಪಿ ಸೋತಿತು, 2018ರಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು. ಅಚ್ಚುಕಟ್ಟಾದ ಲೆಕ್ಕ ಯಾರನ್ನೂ ಕಾಯಲಿಲ್ಲ. ಸಾಲ ಬೇಡ ಎನ್ನುವವರೇ ಗೃಹಲಕ್ಷ್ಮಿಯ 2,000 ರೂಪಾಯಿ ತಡವಾದರೆ ಸಿಟ್ಟಾಗುತ್ತಾರೆ. ಎರಡೂ ಭಾವನೆ ಒಂದೇ ಮನೆಯಲ್ಲಿರುವುದು ಸಹಜ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ಪೂರಕ ಅಂದಾಜು, ಅಂದರೆ ಬಜೆಟ್ಟಿನ ಮೇಲೆ ಸರ್ಕಾರ ಕೇಳುವ ಹೆಚ್ಚುವರಿ ಹಣದ ಪಟ್ಟಿ, ಮಂಡನೆಯಾಗುತ್ತದೆ. ಅದರಲ್ಲಿ ಹೆಚ್ಚುವರಿ ಹಣ ರಾಜಸ್ವ ಬಾಬತ್ತಿಗೆ ಎಷ್ಟು, ಬಂಡವಾಳಕ್ಕೆ ಎಷ್ಟು ಎಂದು ಬೇರ್ಪಡಿಸಿ ಓದಿ. ಮಾರ್ಚಿನ ಬಜೆಟ್ ಪುಸ್ತಕದಲ್ಲಿ ಪರಿಷ್ಕೃತ ಅಂದಾಜಿನ ಪಕ್ಕದಲ್ಲೇ ಹಿಂದಿನ ವರ್ಷದ ವಾಸ್ತವ ಲೆಕ್ಕವಿರುತ್ತದೆ. ಬಂಡವಾಳ ವೆಚ್ಚ ಎಷ್ಟು ಕಡಿತವಾಯಿತು ಎಂಬುದು ಬಯಲಾಗುವುದು ಆ ಕಾಲಮ್ಮಿನಲ್ಲಿ.